ದಾವಣಗೆರೆಯಲ್ಲಿ ಕೂತು ಗಂಡನಿಗೆ, ಅಮ್ಮನಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಬಹುದಾ?

ಪ್ರಶ್ನೆ: ನಾನು ಹುಟ್ಟಿದ್ದು 1982ರಲ್ಲಿ, ದಾವಣಗೆರೆಯಲ್ಲೇ. 2006ರಲ್ಲಿ ನರ್ಸ್ ಕೆಲಸಕ್ಕೆ ಅಮೆರಿಕಕ್ಕೆ ಹೋದೆ, 2012ರಲ್ಲಿ ಅಲ್ಲಿನ ಸಿಟಿಜನ್ ಆದೆ. ಅಪ್ಪನಿಗೆ ಹುಷಾರಿಲ್ಲ ಅಂತ 2021ರಲ್ಲಿ ವಾಪಸ್ ಬಂದವಳು ಇಲ್ಲೇ ಉಳಿದೆ. 2022ರಲ್ಲಿ ಮದುವೆಯಾಯಿತು, ಎರಡು ವರ್ಷದ ಮಗ ಇದ್ದಾನೆ. ಈಗ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಅಪ್ಪ ತೀರಿಕೊಂಡರು. ಅಮ್ಮ ಹೊಳಲ್ಕೆರೆ ಹತ್ತಿರ ಊರಲ್ಲಿ ತೋಟ ನೋಡಿಕೊಂಡು ಒಬ್ಬರೇ ಇದ್ದಾರೆ. ಗಂಡನನ್ನೂ ಅಮ್ಮನನ್ನೂ ಕರೆದುಕೊಂಡು ವಾಪಸ್ ಹೋಗಬೇಕು ಅಂತಿದ್ದೇವೆ. ಇಲ್ಲಿಂದಲೇ ಅರ್ಜಿ ಹಾಕಬಹುದಾ? ಅಣ್ಣ ಟೆಕ್ಸಾಸಿನಲ್ಲಿದ್ದಾನೆ, ಗ್ರೀನ್ ಕಾರ್ಡ್ ಇದೆ, ಅವನು ಜಾಯಿಂಟ್ ಸ್ಪಾನ್ಸರ್ ಆದರೆ ಎಲ್ಲ ಸರಿಹೋಗುತ್ತೆ ಅನ್ನುತ್ತಾರೆ. ನನ್ನ ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರೇ ಇಲ್ಲ, ಅಮ್ಮನಿಗಂತೂ ಪ್ರಮಾಣಪತ್ರವೇ ಇಲ್ಲ. ಏನು ಮಾಡಲಿ?

ಉತ್ತರ:

ತಂಗಿ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಅರ್ಜಿಯನ್ನು ದಾವಣಗೆರೆಯಲ್ಲಿ ಕೂತೇ ಹಾಕಬಹುದು. ಆದರೆ ಅಣ್ಣ ಜಾಯಿಂಟ್ ಸ್ಪಾನ್ಸರ್, ಅಂದರೆ ನಿಮ್ಮ ಜೊತೆ ದುಡ್ಡಿನ ಹೊಣೆ ಹೊರುವವರು, ಆದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಅಣ್ಣನ ಸಂಬಳ ದುಡ್ಡಿನ ಕೊರತೆಯನ್ನು ತುಂಬುತ್ತದೆ, ನೀವು ಅಮೆರಿಕದಲ್ಲಿ ವಾಸ ಇಲ್ಲ ಅನ್ನುವ ಕೊರತೆಯನ್ನು ತುಂಬುವುದಿಲ್ಲ. ನಿಮ್ಮಂಥ ಕೇಸುಗಳು ವೀಸಾ ಸಂದರ್ಶನ ನಡೆಯುವ ಮುಂಬೈಯ ಅಮೆರಿಕ ದೂತಾವಾಸದಲ್ಲಿ ನಿಂತುಬಿಡುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಮದುವೆ ನಿಜ, ಮಗು ಇದೆ, ಕಾಗದ ಎಲ್ಲ ಸರಿ ಇದೆ, ಆದರೆ ಅರ್ಜಿ ಹಾಕಿದ ಹೆಂಡತಿ ಇಲ್ಲೇ ಮನೆ ಮಾಡಿಕೊಂಡಿದ್ದಾಳೆ, ಹಾಗಾದರೆ ಗಂಡ ಅಲ್ಲಿಗೆ ಯಾರ ಹತ್ತಿರ ಹೋಗುತ್ತಾನೆ? ಅಧಿಕಾರಿ ಕೇಳುವುದು ಇಷ್ಟೇ. ಕೇಳುವುದರಲ್ಲಿ ತಪ್ಪೂ ಇಲ್ಲ.

ಮೊದಲ ಹೆಜ್ಜೆ ಐ-130 ಅನ್ನುವ ಪಿಟಿಷನ್. ಇದನ್ನು ಅಮೆರಿಕದ ವಲಸೆ ಇಲಾಖೆ, ಅಂದರೆ ಯುಎಸ್‌ಸಿಐಎಸ್‌ಗೆ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ನೀವು ಯಾವ ದೇಶದಲ್ಲಿದ್ದರೂ ನಡೆಯುತ್ತದೆ. ಗಂಡನಿಗೊಂದು, ಅಮ್ಮನಿಗೊಂದು, ಬೇರೆ ಬೇರೆ. 2024ರ ಏಪ್ರಿಲ್‌ನಿಂದ ಆನ್‌ಲೈನ್ ಆದರೆ ಒಂದಕ್ಕೆ 625 ಡಾಲರ್, ಕಾಗದದಲ್ಲಿ ಕಳಿಸಿದರೆ 675. ಫೀಸು ಆಗಾಗ ಬದಲಾಗುತ್ತದೆ, ಕಟ್ಟುವ ದಿನ ಇಲಾಖೆಯ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ನಿಮ್ಮ ಅದೃಷ್ಟ ಅಂದರೆ ಗಂಡ ಹೆಂಡತಿ, 21 ತುಂಬದ ಮದುವೆಯಾಗದ ಮಕ್ಕಳು, ತಂದೆ ತಾಯಿ, ಇವರಿಗೆ ಸಿಟಿಜನ್ ಅರ್ಜಿ ಹಾಕಿದರೆ ವರ್ಷಕ್ಕೆ ಇಷ್ಟೇ ವೀಸಾ ಅನ್ನುವ ಮಿತಿಯೇ ಇಲ್ಲ. ಸರದಿ ಕಾಯುವ ಗೋಳು ಇರುವುದು ಅಣ್ಣ ತಮ್ಮ, ಅಕ್ಕ ತಂಗಿಯರ ವರ್ಗಕ್ಕೆ. ಭಾರತದವರಿಗೆ ಅಲ್ಲಿ ಹದಿನೈದು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತಿದೆ. ನಿಮ್ಮ ಅಣ್ಣ ಬರೀ ಗ್ರೀನ್ ಕಾರ್ಡಿನವರು, ಆದ್ದರಿಂದ ಅವರು ಅಮ್ಮನಿಗೆ ಅರ್ಜಿ ಹಾಕಲು ಬರುವುದೇ ಇಲ್ಲ. ತಂದೆ ತಾಯಿಗೆ ಹಾಕಬೇಕಾದರೆ ಸಿಟಿಜನ್ ಆಗಿರಬೇಕು, ವಯಸ್ಸು 21 ಆಗಿರಬೇಕು. ಆ ಕೆಲಸ ನಿಮ್ಮದೇ.

ಸರದಿ ಇಲ್ಲ ಅಂದ ಮಾತ್ರಕ್ಕೆ ನಾಳೆಯೇ ಆಗುತ್ತದೆ ಅಂತಲ್ಲ. ಪಿಟಿಷನ್ ಮಂಜೂರಾಗುವುದಕ್ಕೇ ವರ್ಷದ ಮೇಲೆ ಹಿಡಿಯುವುದು ಸಾಮಾನ್ಯ. ಆಮೇಲೆ ಫೈಲು ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಎಲ್ಲರೂ ಎನ್‌ವಿಸಿ ಅಂತಾರೆ. ಅಲ್ಲಿ ವೀಸಾ ಅರ್ಜಿಗೆ 325 ಡಾಲರ್, ಸ್ಪಾನ್ಸರ್‌ನ ಕಾಗದ ನೋಡುವುದಕ್ಕೆ 120 ಡಾಲರ್. ವೀಸಾ ಸಿಕ್ಕ ಮೇಲೆ ಕಾರ್ಡ್ ತಯಾರಿಸಲು ಇನ್ನೊಂದು 235. ಎಲ್ಲ ಕೂಡಿದರೆ ಒಬ್ಬರಿಗೆ 1,305 ಡಾಲರ್, ಮೆಡಿಕಲ್ ಖರ್ಚು, ಓಡಾಟ ಬೇರೆ. ಯಾರಾದರೂ ಇದಕ್ಕೆ ಹತ್ತು ಲಕ್ಷ ಕೇಳಿದರೆ ಎದ್ದು ಬನ್ನಿ.

ಈಗ ನಿಮ್ಮ ಕೇಸಿನ ಗಂಟು ಎಲ್ಲಿದೆಯೋ ಅಲ್ಲಿಗೆ ಬರೋಣ. ಎನ್‌ವಿಸಿ ಹಂತದಲ್ಲಿ ನೀವು ಐ-864 ಅನ್ನುವ ಅಫಿಡವಿಟ್ ಕೊಡಬೇಕು. ಬರುವವರು ಸರ್ಕಾರದ ಮೇಲೆ ಭಾರ ಆಗದಂತೆ ನಾನು ನೋಡಿಕೊಳ್ಳುತ್ತೇನೆ ಅಂತ ಬರೆದುಕೊಡುವ ಕಾಗದ ಅದು. ಪಿಟಿಷನ್ ಹಾಕಿದವರೇ ಇದಕ್ಕೆ ಸಹಿ ಮಾಡಬೇಕು, ಬೇರೆ ದಾರಿ ಇಲ್ಲ, ಜಾಯಿಂಟ್ ಸ್ಪಾನ್ಸರ್ ಇದ್ದರೂ ನಿಮ್ಮದೂ ಬೇಕೇ ಬೇಕು. ಸಹಿ ಮಾಡುವವರ ಡಾಮಿಸೈಲ್, ಅಂದರೆ ಕಾಯಂ ವಾಸ, ಅಮೆರಿಕದಲ್ಲಿರಬೇಕು ಅಂತ ಕಾನೂನು ಹೇಳುತ್ತದೆ. ನೀವು 2021ರಿಂದ ಇಲ್ಲಿದ್ದೀರಿ, ಮದುವೆಯಾಗಿದ್ದೀರಿ, ಕೆಲಸ ಇಲ್ಲಿದೆ. ನಾನು ತಾತ್ಕಾಲಿಕವಾಗಿ ಬಂದಿದ್ದೆ ಅಂತ ವಾದ ಮಾಡುವುದು ಕಷ್ಟ. ನಿಮಗೆ ಒಪ್ಪುವ ದಾರಿ ಇನ್ನೊಂದು. ಗಂಡ ಅಲ್ಲಿ ಕಾಲಿಡುವ ದಿನಕ್ಕೆ, ಅಥವಾ ಅದಕ್ಕೂ ಮುಂಚೆ, ನಾನು ಅಲ್ಲಿ ಮತ್ತೆ ಮನೆ ಮಾಡುತ್ತೇನೆ ಅಂತ ತೋರಿಸುವುದು. ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಆದರೆ ಸುಮ್ನೆ ಮಾತಲ್ಲಿ ಹೇಳಿದರೆ ಆಗಲ್ಲ, ನಿಜವಾಗಿ ಹೆಜ್ಜೆ ಇಟ್ಟಿರುವುದು ಕಾಗದದಲ್ಲಿ ಕಾಣಬೇಕು.

ಏನು ಕಾಣಬೇಕು ಅಂದರೆ, ನಿಮ್ಮ ನರ್ಸಿಂಗ್ ಲೈಸೆನ್ಸ್ ನೋಡಿ. ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದಿರೋ ಅಲ್ಲಿನ ಲೈಸೆನ್ಸ್ ಇನ್ನೂ ಜೀವಂತ ಇದೆಯಾ, ಲ್ಯಾಪ್ಸ್ ಆಗಿದೆಯಾ? ಆಗಿದ್ದರೆ ಇವತ್ತೇ ನವೀಕರಣದ ಕೆಲಸ ಶುರು ಮಾಡಿ. ಮುಂದೆ ಕೆಲಸಕ್ಕೂ ಬೇಕು, ವಾಪಸ್ ಹೋಗುವುದು ನಿಜ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಹತ್ತಿರ ಇನ್ನೊಂದಿಲ್ಲ. ಆಮೇಲೆ ಅಲ್ಲಿನ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರಲಿ, ಅದರ ಸ್ಟೇಟ್‌ಮೆಂಟ್ ತೆಗೆದಿಡಿ. ಆಸ್ಪತ್ರೆಗಳಿಗೆ ಕೆಲಸಕ್ಕೆ ಅರ್ಜಿ ಹಾಕಿದ ಇಮೇಲ್‌ಗಳು, ಆಫರ್ ಲೆಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಅಣ್ಣನ ಮನೆಯಲ್ಲಿ ಮೊದಲು ಇಳಿಯುವುದಾದರೆ ಅಣ್ಣನಿಂದ ಒಂದು ಪತ್ರ, ಜೊತೆಗೆ ಅವರ ಮನೆಯ ಬಾಡಿಗೆ ಕರಾರು ಅಥವಾ ಮನೆಯ ದಾಖಲೆ. ಇಲ್ಲಿನ ಕಾಲೇಜಿಗೆ ರಾಜೀನಾಮೆ ಕೊಟ್ಟ ಕಾಗದ, ಸಾಮಾನು ಸಾಗಿಸಲು ಕೇಳಿದ ಕೊಟೇಶನ್, ಇಂಥ ಚಿಕ್ಕ ಚಿಕ್ಕ ವಿಷಯಗಳಿಗೂ ಬೆಲೆ ಇದೆ.

ಇದೆಲ್ಲದಕ್ಕಿಂತ ಸಲೀಸಾದ ದಾರಿ, ನನ್ನ ಅಭಿಪ್ರಾಯದಲ್ಲಿ, ನೀವು ಮುಂಚೆ ಹೋಗುವುದು. ಪಿಟಿಷನ್ ಮಂಜೂರಾಗಿ ಫೈಲು ಎನ್‌ವಿಸಿಗೆ ಬಂತು ಅಂದ ಮೇಲೆ ಹೊರಡಿ, ಕೆಲಸಕ್ಕೆ ಸೇರಿ, ಮನೆ ಹಿಡಿಯಿರಿ, ಎರಡು ಮೂರು ತಿಂಗಳ ಪೇ ಸ್ಲಿಪ್ ಕೈಗೆ ಬರಲಿ, ಆಮೇಲೆ ಐ-864 ಹಾಕಿ. ಡಾಮಿಸೈಲ್ ಪ್ರಶ್ನೆಯೂ ಮುಗಿಯಿತು, ಆದಾಯದ ಪ್ರಶ್ನೆಯೂ ಮುಗಿಯಿತು, ಅಣ್ಣನನ್ನು ಸಿಕ್ಕಿಸುವ ಅಗತ್ಯವೂ ಬೀಳದಿರಬಹುದು. ಎನ್‌ವಿಸಿಯಲ್ಲಿ ಫೈಲು ಸ್ವಲ್ಪ ದಿನ ಕಾಯಿಸಿದರೆ ಏನೂ ಆಗುವುದಿಲ್ಲ, ವರ್ಷಕ್ಕೆ ಒಮ್ಮೆಯಾದರೂ ಅವರನ್ನು ಸಂಪರ್ಕಿಸುತ್ತಿರಬೇಕು ಅಷ್ಟೇ, ಒಂದು ವರ್ಷ ಪೂರ್ತಿ ಸುಮ್ಮನಿದ್ದರೆ ಕೇಸು ರದ್ದಾಗುವ ಅಪಾಯ ಇದೆ. ಎರಡು ವರ್ಷದ ಮಗನನ್ನು ಬಿಟ್ಟು ಅಥವಾ ಗಂಡನನ್ನು ಬಿಟ್ಟು ಕೆಲವು ತಿಂಗಳು ಇರುವುದು ಸುಲಭ ಅಲ್ಲ ಅಂತ ಗೊತ್ತು. ಆಗುವುದೇ ಇಲ್ಲ ಅನ್ನಿಸಿದರೆ ಎಲ್ಲರೂ ಒಟ್ಟಿಗೆ ಹೋಗಬಹುದು, ಆಗ ಮೇಲೆ ಹೇಳಿದ ಸಾಕ್ಷಿಗಳು ಎರಡು ಪಟ್ಟು ಗಟ್ಟಿಯಾಗಿರಬೇಕು. ಗಂಡ ಮೊದಲು ಹೋಗಿ ನೀವು ಆಮೇಲೆ ಹೋಗುವುದು ಮಾತ್ರ ಸಾಧ್ಯವಿಲ್ಲ, ಅದನ್ನು ಲೆಕ್ಕದಿಂದ ತೆಗೆದುಬಿಡಿ.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ನಾನು ಕೇಳಲೇಬೇಕು. 2021ರ ನಂತರ ಅಮೆರಿಕದ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡಿದ್ದೀರಾ? ಇಲ್ಲಿ ದುಡಿಯುತ್ತಿದ್ದೇನೆ, ಇಲ್ಲಿ ಟ್ಯಾಕ್ಸ್ ಕಟ್ಟಿದ್ದೇನೆ, ಅಲ್ಲಿಗೇನು ಸಂಬಂಧ ಅಂತ ಬಿಟ್ಟವರೇ ಹೆಚ್ಚು. ಅಮೆರಿಕದ ಸಿಟಿಜನ್ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಅಲ್ಲಿ ರಿಟರ್ನ್ ಫೈಲ್ ಮಾಡಬೇಕು. ಮದುವೆಯಾಗಿ ಗಂಡ ಹೆಂಡತಿ ಬೇರೆ ಬೇರೆ ಫೈಲ್ ಮಾಡುವ ವರ್ಗದಲ್ಲಿ ಮಿತಿ ಎಷ್ಟು ಗೊತ್ತಾ? ಬರೀ 5 ಡಾಲರ್. ಅಂದರೆ ಕಾಲೇಜಿನ ಒಂದು ದಿನದ ಸಂಬಳಕ್ಕೇ ಫೈಲ್ ಮಾಡಬೇಕಾದ ಲೆಕ್ಕ. ಕಟ್ಟಬೇಕಾದ ಟ್ಯಾಕ್ಸ್ ಹೆಚ್ಚಾಗಿ ಸೊನ್ನೆ ಇರುತ್ತದೆ, ಯಾಕೆಂದರೆ ಹೊರದೇಶದ ದುಡಿಮೆಗೆ ವಿನಾಯಿತಿ ಇದೆ, ಇಲ್ಲಿ ಕಟ್ಟಿದ ಟ್ಯಾಕ್ಸಿಗೆ ಅಲ್ಲಿ ಮಾಫಿಯೂ ಇದೆ. ಆದರೆ ಫೈಲ್ ಮಾಡಬೇಕು. ಜೊತೆಗೆ ಇಲ್ಲಿನ ಬ್ಯಾಂಕ್ ಖಾತೆ, ಎಫ್‌ಡಿ ಎಲ್ಲ ಸೇರಿ ವರ್ಷದಲ್ಲಿ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಅನ್ನುವ ಇನ್ನೊಂದು ವರದಿ ಕೊಡಬೇಕು. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಜೊತೆ ಜಂಟಿ ಖಾತೆ ಮಾಡಿಸಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಗೊತ್ತಿಲ್ಲದೆ ತಪ್ಪಿಸಿಕೊಂಡವರಿಗಾಗಿ ಸ್ಟ್ರೀಮ್‌ಲೈನ್ಡ್ ಅಂತ ಒಂದು ದಾರಿ ಇದೆ, ಮೂರು ವರ್ಷದ ರಿಟರ್ನ್, ಆರು ವರ್ಷದ ಎಫ್‌ಬಿಎಆರ್ ಕೊಟ್ಟು ಸರಿಮಾಡಿಕೊಳ್ಳಬಹುದು. ಐ-864 ಜೊತೆ ಇತ್ತೀಚಿನ ವರ್ಷದ ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಲ್ಲಿನ ತೆರಿಗೆ ಇಲಾಖೆ ಕೊಡುವ ರಿಟರ್ನ್‌ನ ಸಾರಾಂಶ, ಇಡಲೇಬೇಕು, ಆದ್ದರಿಂದ ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಅಮೆರಿಕದ ಟ್ಯಾಕ್ಸ್ ಬಲ್ಲ ಆಡಿಟರ್ ಹತ್ತಿರವೇ ಹೋಗಿ, ನಿಮ್ಮ ಇಲ್ಲಿನ ರಿಟರ್ನ್ ಮಾಡುವವರಿಗೆ ಇದು ಗೊತ್ತಿರಬೇಕು ಅಂತೇನಿಲ್ಲ.

ಆದಾಯ ಎಷ್ಟಿರಬೇಕು? ಅಲ್ಲಿನ ಬಡತನ ರೇಖೆಯ ಶೇಕಡ 125. 2025ರ ಲೆಕ್ಕದಲ್ಲಿ ಮೂರು ಜನರ ಕುಟುಂಬಕ್ಕೆ ವರ್ಷಕ್ಕೆ 33,312 ಡಾಲರ್, ನಾಲ್ಕು ಜನಕ್ಕೆ 40,187. ನೀವು, ಗಂಡ, ಮಗ ಅಂದರೆ ಮೂರು. ಅಮ್ಮ ಸೇರಿದರೆ ನಾಲ್ಕು. ಪ್ರತಿ ವರ್ಷ ಬದಲಾಗುತ್ತದೆ, ಐ-864ಪಿ ಅನ್ನುವ ಪಟ್ಟಿಯಲ್ಲಿ ನೋಡಿ. ಅಲ್ಲಿ ಪೂರ್ತಿ ಕೆಲಸ ಮಾಡುವ ರಿಜಿಸ್ಟರ್ಡ್ ನರ್ಸ್‌ಗೆ ಇದು ದೊಡ್ಡ ಮೊತ್ತ ಅಲ್ಲ, ನಿಮಗೇ ಗೊತ್ತು. ಆದರೆ ಈಗಿನ ಕಾಲೇಜಿನ ಸಂಬಳ ಇದಕ್ಕೆ ಬರುವುದಿಲ್ಲ, ಯಾಕೆಂದರೆ ಇಲ್ಲಿಂದ ಹೊರಟ ದಿನ ಆ ಸಂಬಳ ನಿಲ್ಲುತ್ತದೆ. ಸೈಟು, ತೋಟ ತೋರಿಸಬಹುದಾ ಅಂತ ನಮ್ಮ ಕಡೆಯವರು ತಪ್ಪದೇ ಕೇಳುತ್ತಾರೆ. ತೋರಿಸಬಹುದು. ಕಡಿಮೆ ಬಿದ್ದ ಮೊತ್ತದ ಮೂರು ಪಟ್ಟು ಗಂಡನ ಕೇಸಿಗೆ, ಐದು ಪಟ್ಟು ಅಮ್ಮನ ಕೇಸಿಗೆ ಇರಬೇಕು, ಮತ್ತು ಒಂದು ವರ್ಷದೊಳಗೆ ಮಾರಿ ದುಡ್ಡು ಮಾಡಿಕೊಳ್ಳುವಂತಿರಬೇಕು. ಇನ್ನೂ ಪಾಲು ಆಗದ, ಖಾತೆ ಅಪ್ಪನ ಹೆಸರಲ್ಲೇ ಇರುವ ಅಡಿಕೆ ತೋಟವನ್ನು ಹಾಗೆ ಮಾರಲು ಬರುತ್ತದಾ? ಮುಂಬೈಯ ಅಧಿಕಾರಿಗೆ ಅದನ್ನು ಒಪ್ಪಿಸುವುದು ಕಷ್ಟ. ಜಮೀನಿನ ಮೇಲೆ ಈ ಕೇಸು ನಿಲ್ಲಿಸಬೇಡಿ.

ಅಣ್ಣ ಜಾಯಿಂಟ್ ಸ್ಪಾನ್ಸರ್ ಆಗಬಹುದು, ಗ್ರೀನ್ ಕಾರ್ಡ್ ಸಾಕು, ಸಿಟಿಜನ್ ಆಗಿರಬೇಕಿಲ್ಲ. ಆದರೆ ಕೇಳುವ ಮುಂಚೆ ಅವರಿಗೆ ಪೂರ್ತಿ ವಿಷಯ ಹೇಳಿ. ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತ ಹಾಗೆಯೇ ಇದು, ಸಹಿಗೆ ಬೆಲೆ ಇದೆ. ನಿಮ್ಮ ಗಂಡ ಸಿಟಿಜನ್ ಆಗುವವರೆಗೆ, ಅಥವಾ ಅಲ್ಲಿ ನಲವತ್ತು ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಬರುವವರೆಗೆ, ಅಥವಾ ಗ್ರೀನ್ ಕಾರ್ಡ್ ಬಿಟ್ಟು ಕಾಯಂ ವಾಪಸ್ ಬರುವವರೆಗೆ ಆ ಹೊಣೆ ಇರುತ್ತದೆ. ದೇವರು ಹಾಗೆ ಮಾಡದಿರಲಿ, ನಿಮ್ಮಿಬ್ಬರ ನಡುವೆ ಡೈವೋರ್ಸ್ ಆದರೂ ಹೋಗುವುದಿಲ್ಲ. ಅಣ್ಣನ ಕುಟುಂಬದ ಜನ ಎಷ್ಟೋ ಅಷ್ಟರ ಜೊತೆ ನಿಮ್ಮ ಗಂಡನನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಅಣ್ಣ ಒಬ್ಬರ ಸಂಬಳ ಸಾಲದಿದ್ದರೆ ಅತ್ತಿಗೆಯ ಸಂಬಳ ಸೇರಿಸಬಹುದು, ಆಗ ಅತ್ತಿಗೆಯೂ ಐ-864ಎ ಅನ್ನುವುದಕ್ಕೆ ಸಹಿ ಮಾಡಬೇಕು. ಅತ್ತಿಗೆಗೆ ತಿಳಿಸದೆ ಅಣ್ಣನಿಂದ ಒಪ್ಪಿಗೆ ತೆಗೆದುಕೊಳ್ಳುವ ಕೆಲಸ ಬೇಡ. ಕಾನೂನಿನ ತೊಡಕಿಗಿಂತ ಮನೆಯೊಳಗಿನ ಮುನಿಸಿನಿಂದ ನಿಂತ ಫೈಲುಗಳನ್ನು ನಾನು ಜಾಸ್ತಿ ನೋಡಿದ್ದೇನೆ.

ಮಗನ ವಿಷಯ ಚಿಕ್ಕದು, ಆದರೆ ತುಂಬಾ ಜನ ತಪ್ಪು ಮಾಡುವುದು ಇಲ್ಲೇ. ಅವನಿಗೆ ಐ-130 ಹಾಕಬೇಡಿ. ಅವನು ಹುಟ್ಟಿನಿಂದಲೇ ಸಿಟಿಜನ್ ಆಗಬೇಕಾದರೆ, ಅವನು ಹುಟ್ಟುವ ಮೊದಲು ನೀವು ಅಮೆರಿಕದಲ್ಲಿ ಒಟ್ಟು ಐದು ವರ್ಷ ಇದ್ದಿರಬೇಕು, ಅದರಲ್ಲಿ ಎರಡು ವರ್ಷ ನಿಮಗೆ 14 ತುಂಬಿದ ಮೇಲೆ. ನೀವು ಹದಿನೈದು ವರ್ಷದ ಹತ್ತಿರ ಇದ್ದವರು. ಸಿಟಿಜನ್ ಆಗುವ ಮುಂಚಿನ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಅವನು ದಾವಣಗೆರೆಯಲ್ಲಿ ಹುಟ್ಟಿದರೂ ಹುಟ್ಟಿನಿಂದಲೇ ಅಮೆರಿಕದ ಸಿಟಿಜನ್. ದೂತಾವಾಸದಲ್ಲಿ ಹುಟ್ಟಿನ ವರದಿ, ಅಂದರೆ ಸಿಆರ್‌ಬಿಎ ಮಾಡಿಸಿ, ಪಾಸ್‌ಪೋರ್ಟ್ ತೆಗೆಸಿ. ನಿಮ್ಮ ಹಳೆಯ ಪೇ ಸ್ಲಿಪ್, ಕೆಲಸ ಕೊಟ್ಟವರು ವರ್ಷಕ್ಕೊಮ್ಮೆ ಕೊಡುವ ಸಂಬಳದ ಚೀಟಿಯಾದ ಡಬ್ಲ್ಯು-2, ಪಾಸ್‌ಪೋರ್ಟಿನ ಸೀಲುಗಳು ಇದಕ್ಕೆ ಬೇಕಾಗುತ್ತವೆ.

ಇನ್ನು ಕಾಗದ ಪತ್ರ. ಇದು ನಮ್ಮ ಜಿಲ್ಲೆಯವರ ದೊಡ್ಡ ತಲೆನೋವು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀವು ಹುಟ್ಟಿದಾಗ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. 1997ರ ಆಗಸ್ಟ್‌ವರೆಗೆ ನಾವು ಚಿತ್ರದುರ್ಗ ಜಿಲ್ಲೆ. ನಿಮ್ಮ ಜನನ ಪ್ರಮಾಣಪತ್ರದ ಹಳೆಯ ಪ್ರತಿಯಲ್ಲಿ ತಾಲ್ಲೂಕು ದಾವಣಗೆರೆ, ಜಿಲ್ಲೆ ಚಿತ್ರದುರ್ಗ ಅಂತ ಇರುತ್ತದೆ. ಈಗ ಪಾಲಿಕೆಯಲ್ಲಿ ಹೊಸದಾಗಿ ಪ್ರಿಂಟ್ ತೆಗೆಸಿದರೆ ಜಿಲ್ಲೆ ದಾವಣಗೆರೆ ಅಂತ ಬರಬಹುದು. ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಬೇರೆ ಒಂದು ಥರ, ನಡುವೆ ಒಂದು ಅಕ್ಷರ ಇದ್ದು ಇಲ್ಲದೆ. ಚನ್ನಗಿರಿ, ಹೊನ್ನಾಳಿಯವರಿಗೆ ಹಳೆಯ ದಾಖಲೆಯಲ್ಲಿ ಶಿವಮೊಗ್ಗ ಇರುತ್ತದೆ, ಹರಪನಹಳ್ಳಿಯವರದು ಇನ್ನೂ ಕಷ್ಟ, ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಇದರಿಂದ ಕೇಸು ಬೀಳುವುದಿಲ್ಲ. ಅರ್ಜಿಯ ಜೊತೆ ಅರ್ಧ ಪುಟದ ವಿವರಣೆ ಇಡಿ. 1997ರಲ್ಲಿ ಜಿಲ್ಲೆ ಬೇರೆಯಾಯಿತು, ಊರು ಒಂದೇ ಅಂತ ಸರಳವಾಗಿ ಬರೆಯಿರಿ. ಎಲ್ಲ ಅರ್ಜಿಯಲ್ಲೂ ಒಂದೇ ಥರ ತುಂಬಿ, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ.

ನಿಮ್ಮ ಪ್ರಮಾಣಪತ್ರದಲ್ಲಿ ಹೆಸರಿನ ಜಾಗದಲ್ಲಿ ಬರೀ ಗೆರೆ, ಲಿಂಗ ಹೆಣ್ಣು, ಅಪ್ಪ ಅಮ್ಮನ ಹೆಸರು, ಅಷ್ಟೇ ಇರಬೇಕು, ಅಲ್ವಾ? ಆ ಕಾಲದಲ್ಲಿ ಆಸ್ಪತ್ರೆಯಿಂದ ವರದಿ ಹೋಗುತ್ತಿತ್ತು, ನಾಮಕರಣ ಆಮೇಲೆ, ಹೆಸರು ಸೇರಿಸಲು ಯಾರೂ ಹೋಗುತ್ತಿರಲಿಲ್ಲ. ಪಾಲಿಕೆಯ ಜನನ ಮರಣ ವಿಭಾಗಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ ಹೆಸರು ಸೇರಿಸಲು ಅರ್ಜಿ ಕೊಡಿ. ಆಗದಿದ್ದರೂ ಗಾಬರಿ ಬೇಡ. ಗಂಡನ ಪಿಟಿಷನ್‌ಗೆ ನಿಮ್ಮ ಸಿಟಿಜನ್‌ಶಿಪ್ ಪ್ರಮಾಣಪತ್ರ ಅಥವಾ ಅಮೆರಿಕದ ಪಾಸ್‌ಪೋರ್ಟ್ ಸಾಕು. ಅಮ್ಮನ ಪಿಟಿಷನ್‌ಗೆ ಮಾತ್ರ ಇದು ಮುಖ್ಯ, ಯಾಕೆಂದರೆ ನೀವು ಅವರ ಮಗಳು ಅನ್ನುವುದನ್ನು ತೋರಿಸುವ ಕಾಗದವೇ ಇದು. ಹೆಸರಿಲ್ಲದ ಪ್ರಮಾಣಪತ್ರದ ಜೊತೆ ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲು, ಟಿಸಿ, ಅಂಕಪಟ್ಟಿ, ಹಳೆಯ ರೇಷನ್ ಕಾರ್ಡ್, ಹಿರಿಯರ ಇಬ್ಬರ ಅಫಿಡವಿಟ್ ಇಡಿ. ಅಮ್ಮನ ಹೆಸರು ಒಂದರಲ್ಲಿ ರತ್ನವ್ವ, ಇನ್ನೊಂದರಲ್ಲಿ ರತ್ನಮ್ಮ ಅಂತ ಇರುವುದು ನಮ್ಮ ಕಡೆ ಮಾಮೂಲು. ಎರಡೂ ಒಬ್ಬರೇ ಅಂತ ಅಮ್ಮ ಒಂದು ಅಫಿಡವಿಟ್ ಮಾಡಲಿ. ಇಷ್ಟಕ್ಕೂ ಇಲಾಖೆಗೆ ತೃಪ್ತಿ ಆಗದಿದ್ದರೆ ಡಿಎನ್‌ಎ ಪರೀಕ್ಷೆ ಮಾಡಿಸಬಹುದು ಅಂತ ಅವರೇ ಸೂಚಿಸುತ್ತಾರೆ, ಅವರು ಒಪ್ಪಿದ ಲ್ಯಾಬಿನಲ್ಲಿ ಮಾತ್ರ. ನೀವು 2012ರಲ್ಲಿ ಸಿಟಿಜನ್ ಆಗುವಾಗ ಅಮ್ಮನ ಹೆಸರು ಎಲ್ಲಾದರೂ ಬರೆದಿದ್ದರೆ ಆ ಸ್ಪೆಲಿಂಗ್ ಹುಡುಕಿ ನೋಡಿ, ಹಳೆಯ ಫೈಲು ಅವರ ಹತ್ತಿರ ಇದ್ದೇ ಇರುತ್ತದೆ.

ಯಾರಾದರೂ ಏಜೆಂಟ್ ಬಂದು ಹೊಸ ಜನನ ಪ್ರಮಾಣಪತ್ರವನ್ನೇ ಮಾಡಿಸಿಕೊಡುತ್ತೇನೆ, ಹೆಸರು, ಜಿಲ್ಲೆ ಎಲ್ಲ ಸರಿಯಾಗಿ ಬರುತ್ತದೆ ಅಂದರೆ ದಯವಿಟ್ಟು ಒಪ್ಪಬೇಡಿ. ಗೆರೆ ಎಳೆದ ನಿಜವಾದ ಕಾಗದ ನಿಮ್ಮನ್ನು ಉಳಿಸುತ್ತದೆ, ಚೆಂದದ ಸುಳ್ಳು ಕಾಗದ ಮುಳುಗಿಸುತ್ತದೆ. ಸುಳ್ಳು ದಾಖಲೆ ಕೊಟ್ಟು ವೀಸಾ ಕೇಳಿದವರಿಗೆ ಜೀವನಪೂರ್ತಿ ಅಮೆರಿಕದ ಬಾಗಿಲು ಮುಚ್ಚುವ ಕಲಂ ಅಲ್ಲಿನ ಕಾನೂನಿನಲ್ಲಿದೆ. ಮುಂಬೈಯಲ್ಲಿ ನಮ್ಮವರಿದ್ದಾರೆ ಅನ್ನುವವರ ಮಾತೂ ಅಷ್ಟೇ, ಅಲ್ಲಿ ಯಾರದೂ ನಡೆಯುವುದಿಲ್ಲ.

ಮದುವೆ ನೋಂದಣಿ ಆಗಿದೆ ಅಂತ ಅಂದುಕೊಂಡಿದ್ದೇನೆ. ಆಗಿಲ್ಲದಿದ್ದರೆ ಲಗ್ನಪತ್ರಿಕೆ, ಧಾರೆ ಫೋಟೋ, ಸಾಕ್ಷಿಗಳನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿ, ಮದುವೆ ಹಳೆಯದಾದರೂ ಮಾಡುತ್ತಾರೆ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ಡೈವೋರ್ಸ್ ಡಿಕ್ರಿ ಬೇಕು, ಊರ ಹಿರಿಯರು ಬರೆಸಿಕೊಟ್ಟ ಕಾಗದ ನಡೆಯುವುದಿಲ್ಲ. ಮಗು ಇರುವುದರಿಂದ ಮದುವೆ ನಿಜವಾ ಅಂತ ಯಾರೂ ಜಾಸ್ತಿ ಕೆದಕುವುದಿಲ್ಲ. ಮದುವೆಯಾಗಿ ಎರಡು ವರ್ಷ ದಾಟಿರುವುದರಿಂದ ಗಂಡನಿಗೆ ಹತ್ತು ವರ್ಷದ ಕಾರ್ಡೇ ಬರುತ್ತದೆ, ಎರಡು ವರ್ಷದ ಷರತ್ತಿನ ಕಾರ್ಡ್ ಅಲ್ಲ.

ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು. ಸೀಲು, ಷರಾ, ಹಿಂದಿನ ಪುಟದಲ್ಲಿ ಬರೆದದ್ದು, ಒಂದೂ ಬಿಡುವಂತಿಲ್ಲ. ಅನುವಾದ ಮಾಡಿದವರು ನನಗೆ ಎರಡೂ ಭಾಷೆ ಬರುತ್ತದೆ, ಇದು ಪೂರ್ತಿ ಮತ್ತು ಸರಿಯಾದ ಅನುವಾದ ಅಂತ ಬರೆದು ಸಹಿ ಹಾಕಿದರೆ ಸಾಕು. ನೋಟರಿ ಬೇಕಿಲ್ಲ, ನಿಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಮಾಡಿಕೊಟ್ಟರೂ ಆಗುತ್ತದೆ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಠಾಣೆಯಿಂದ ತಂದ ಪತ್ರ ಅಲ್ಲ, ಪಾಸ್‌ಪೋರ್ಟ್ ಇಲಾಖೆ ಕೊಡುವ ಪಿಸಿಸಿ. ಗಂಡನಿಗೆ, ಅಮ್ಮನಿಗೆ ಇಬ್ಬರಿಗೂ ಬೇಕು. ಪಿಟಿಷನ್ ಮಂಜೂರಾಗುವ ಮುಂಚೆ ಮಾಡಿಸಬೇಡಿ, ಹಳತಾಗುತ್ತದೆ.

ಸಂದರ್ಶನ ಮುಂಬೈಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ದೂತಾವಾಸದಲ್ಲಿ ನಡೆಯುವುದು ಹೆಚ್ಚು. ನೀವು ಅಲ್ಲಿ ಇರಬೇಕಿಲ್ಲ. ಅದಕ್ಕೆ ಮುಂಚೆ ಮೆಡಿಕಲ್ ಆಗಬೇಕು, ಅವರು ಗುರುತಿಸಿದ ಪ್ಯಾನೆಲ್ ಡಾಕ್ಟರ ಹತ್ತಿರ ಮಾತ್ರ. ನೀವು ನರ್ಸ್, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಟಿಬಿಯ ಕಲೆ ಕಂಡರೂ ಕಫದ ಕಲ್ಚರ್ ಕೇಳುತ್ತಾರೆ, ಅದಕ್ಕೆ ಎಂಟು ವಾರದವರೆಗೂ ಹಿಡಿಯಬಹುದು. ಅಮ್ಮನಿಗೆ ಯಾವ ಕಾಲದಲ್ಲಾದರೂ ಟಿಬಿ ಔಷಧಿ ಕೊಟ್ಟಿದ್ದರೆ ಆ ಚೀಟಿಗಳನ್ನು ಹುಡುಕಿಡಿ. ವೀಸಾ ಹೆಚ್ಚೆಂದರೆ ಆರು ತಿಂಗಳು ಚಾಲ್ತಿ, ಮೆಡಿಕಲ್ ಎಷ್ಟು ದಿನವೋ ಅಷ್ಟೇ, ಆದ್ದರಿಂದ ಹೊರಡುವ ತಯಾರಿ ನೋಡಿಕೊಂಡು ಮೆಡಿಕಲ್ ಮಾಡಿಸಿ.

ಕೊನೆಗೆ ಅಮ್ಮನ ವಿಷಯ. ಗಂಡನ ಅರ್ಜಿಯನ್ನು ಈಗಲೇ ಹಾಕಿ, ಅಮ್ಮನದನ್ನು ಈಗ ಹಾಕಬೇಡಿ ಅನ್ನುವುದು ನನ್ನ ಸಲಹೆ. ಅವರ ವರ್ಗಕ್ಕೆ ಸರದಿ ಇಲ್ಲ, ಎರಡು ವರ್ಷ ಬಿಟ್ಟು ಹಾಕಿದರೂ ಏನೂ ಕಳೆದುಕೊಳ್ಳುವುದಿಲ್ಲ. ಅಷ್ಟರಲ್ಲಿ ನಿಮಗೆ ಅಲ್ಲಿ ಕೆಲಸ, ಮನೆ ಆಗಿರುತ್ತದೆ, ಯಾರ ಸಹಾಯವೂ ಇಲ್ಲದೆ ನೀವೇ ಸ್ಪಾನ್ಸರ್ ಮಾಡಬಹುದು.

ಅದಕ್ಕಿಂತ ಮುಖ್ಯ, ಅಮ್ಮನಿಗೆ ಅಲ್ಲಿ ಇರಲು ಮನಸ್ಸಿದೆಯಾ? ನಿಮ್ಮ ಪತ್ರದಲ್ಲಿ ನಾವು ಅಂತಿದ್ದೇವೆ ಅಂತ ಇದೆ, ಅಮ್ಮ ಏನಂದರು ಅಂತ ಇಲ್ಲ. ಗ್ರೀನ್ ಕಾರ್ಡ್ ಅಂದರೆ ಮಗಳ ಮನೆಗೆ ಹೋಗಿ ಬರುವ ವೀಸಾ ಅಲ್ಲ, ಅಲ್ಲಿ ವಾಸ ಮಾಡಬೇಕು. ಒಂದೇ ಸಲ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ವಾಪಸ್ ಹೋದಾಗ ಪ್ರಶ್ನೆ ಬರುತ್ತದೆ. ಒಂದು ವರ್ಷ ದಾಟಿದರೆ ಆ ಕಾರ್ಡ್ ತೋರಿಸಿ ಒಳಗೆ ಹೋಗಲು ಆಗುವುದಿಲ್ಲ. ರೀಎಂಟ್ರಿ ಪರ್ಮಿಟ್ ಅಂತ ಇದೆ, ಎರಡು ವರ್ಷ ಕೊಡುತ್ತಾರೆ, ಆದರೆ ಅದಕ್ಕೆ ಅರ್ಜಿ ಅಲ್ಲಿದ್ದಾಗಲೇ ಹಾಕಬೇಕು. ಅಡಿಕೆ ಕೊಯ್ಲಿಗೆ ಬಂದು ಒಣಗಿಸಿ, ಮಾರಿ, ಲೆಕ್ಕ ಮುಗಿಸಿ ನಿಧಾನಕ್ಕೆ ಹೋಗುತ್ತೇನೆ ಅನ್ನುವವರಿಗೆ ಈ ಕಾರ್ಡ್ ಒಗ್ಗುವುದಿಲ್ಲ. ತೋಟ ಇಟ್ಟುಕೊಳ್ಳಬಹುದು, ಗ್ರೀನ್ ಕಾರ್ಡ್ ಬಂದರೂ ಅವರು ಭಾರತದ ಪ್ರಜೆಯೇ. ಆದರೆ ತೋಟದ ಆದಾಯವನ್ನು ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು. ಮತ್ತೆ ಆರೋಗ್ಯ. 65 ದಾಟಿದ್ದರೂ ಹೊಸದಾಗಿ ಹೋದವರಿಗೆ ಮೆಡಿಕೇರ್, ಅಂದರೆ ಅಲ್ಲಿನ ಸರ್ಕಾರ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ, ಸಿಗುವುದಿಲ್ಲ, ಐದು ವರ್ಷ ಸತತ ವಾಸ ಆದ ಮೇಲೆ, ಅದೂ ಪ್ರೀಮಿಯಂ ಕಟ್ಟಿ. ಅಲ್ಲಿಯವರೆಗೆ ಅವರ ಇನ್ಶೂರೆನ್ಸ್ ನಿಮ್ಮ ಕೈಯಿಂದ. ಆಸ್ಪತ್ರೆ ಬಿಲ್ಲು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಅವರು ಒಮ್ಮೆಯೂ ಅಲ್ಲಿ ಇದ್ದು ನೋಡಿಲ್ಲದಿದ್ದರೆ ಮೊದಲು ವಿಸಿಟರ್ ವೀಸಾ ತೆಗೆಸಿ, ಒಂದು ಚಳಿಗಾಲ ಇದ್ದು ಬರಲಿ. ಇದನ್ನು ಐ-130 ಹಾಕುವ ಮುಂಚೆಯೇ ಮಾಡಬೇಕು. ವಿಸಿಟರ್ ವೀಸಾ ಅರ್ಜಿಯಲ್ಲಿ ನಿಮ್ಮ ಪರವಾಗಿ ಯಾರಾದರೂ ವಲಸೆ ಪಿಟಿಷನ್ ಹಾಕಿದ್ದಾರಾ ಅಂತ ಕೇಳುತ್ತಾರೆ. ಹೌದು ಅಂದರೆ ವಾಪಸ್ ಬರುತ್ತೇನೆ ಅಂತ ಅಧಿಕಾರಿಯನ್ನು ನಂಬಿಸುವುದು ಕಷ್ಟ.

ಒಂದು ಕೆಲಸ ಮಾತ್ರ ಅಮ್ಮನ ಕೇಸಿಗಾಗಿ ಈಗಲೇ ಮಾಡಿ. ಅವರು ಹುಟ್ಟಿದ್ದು 1970ಕ್ಕಿಂತ ಮುಂಚೆ, ಜನನ ಮರಣ ನೋಂದಣಿ ಕಾಯ್ದೆ ಜಾರಿಗೆ ಬರುವ ಮೊದಲು, ಅಂತ ಅಂದುಕೊಳ್ಳುತ್ತೇನೆ. ಹಳ್ಳಿಯಲ್ಲಿ ಹುಟ್ಟಿದ್ದರೆ ದಾಖಲೆ ಸಿಗುವುದು ಅಪರೂಪ. ಅದಕ್ಕೆ ಹುಟ್ಟಿದ ಊರು ಯಾವ ತಾಲ್ಲೂಕಿಗೆ ಸೇರುತ್ತದೋ ಅಲ್ಲಿ ಅರ್ಜಿ ಕೊಟ್ಟು, ಹುಡುಕಿದೆವು, ದಾಖಲೆ ಲಭ್ಯವಿಲ್ಲ ಅನ್ನುವ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಜೊತೆಗೆ ಅವರು ಹುಟ್ಟಿದ್ದನ್ನು ಬಲ್ಲ ಹಿರಿಯರಿಬ್ಬರ ಅಫಿಡವಿಟ್, ಹುಟ್ಟಿದ ದಿನ, ಊರು, ಅಪ್ಪ ಅಮ್ಮನ ಹೆಸರು, ತಮಗೆ ಇದು ಹೇಗೆ ಗೊತ್ತು ಅನ್ನುವುದರ ಸಮೇತ. ಅಂಥವರು ಅಂದರೆ ಅಮ್ಮನ ಅಕ್ಕ, ಅಣ್ಣ, ಚಿಕ್ಕಮ್ಮ, ಎಲ್ಲರೂ ವಯಸ್ಸಾದವರು. ತಹಶೀಲ್ದಾರ್ ಕಚೇರಿಯ ಕಾಗದವನ್ನು ಇನ್ನೆರಡು ವರ್ಷ ಬಿಟ್ಟೂ ತರಬಹುದು, ದೊಡ್ಡಮ್ಮನ ಸಹಿಯನ್ನು ಈ ತಿಂಗಳೇ ಹಾಕಿಸಿಕೊಳ್ಳಿ.